ಅಯ್ಯನೋರ ಮನೆಯ ಮೊದಲ ಊಟ

ಮನೆ ಸ್ವಂತದ್ದೋ ಬಾಡಿಗೆಯದೋ ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಥಟ್ಟನೆ ಉತ್ತರ ಬರುವುದಿಲ್ಲ. ಸರ್ವೆಗೆ ಬಂದಿದ್ದ ಮೇಷ್ಟ್ರೊಬ್ಬರು ಮೊಬೈಲು ಹಿಡಿದುಕೊಂಡು ಬಾಗಿಲಲ್ಲಿ ನಿಂತು ಇದನ್ನೇ ಕೇಳಿದರು. ಎರಡೂ ಅಲ್ಲ ಎಂದೆ. ಅವರ ಮೊಬೈಲಿನಲ್ಲಿ ‘ಎರಡೂ ಅಲ್ಲ’ ಎನ್ನುವುದಕ್ಕೆ ಜಾಗ ಇರಲಿಲ್ಲವಂತೆ. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಕೊನೆಗೆ ಏನು ಒತ್ತಿಕೊಂಡು ಹೋದರೋ ಗೊತ್ತಿಲ್ಲ.

ನನ್ನ ಗಂಡ ಚರ್ಚಿನ ಸಭಾಪಾಲಕರು. ಸಭೆಯ ಜನ ಅವರನ್ನು ಅಯ್ಯನೋರು ಎನ್ನುತ್ತಾರೆ, ನನ್ನನ್ನು ಅಮ್ಮನೋರು ಎನ್ನುತ್ತಾರೆ. ನಾವಿರುವ ಮನೆ ಚರ್ಚಿನದು, ಚರ್ಚಿನ ಕಾಂಪೌಂಡಿನೊಳಗೇ ಇರುತ್ತದೆ. ಅದಕ್ಕೆ ಹೆಸರು ಒಂದೆರಡಲ್ಲ. ಮೇಲಿನ ಆಫೀಸಿನಿಂದ ಬರುವ ಕಾಗದದಲ್ಲಿ ಪಾರ್ಸನೇಜ್. ಗೋಡೆಯ ಬೋರ್ಡಿನಲ್ಲಿ ಸಭಾಪಾಲಕರ ನಿವಾಸ. ರಸ್ತೆಯಲ್ಲಿ ಹೋಗುವವರ ಬಾಯಲ್ಲಿ ಪಾದ್ರಿ ಮನೆ, ನಮ್ಮವರ ಬಾಯಲ್ಲಿ ಅಯ್ಯನೋರ ಮನೆ. ಇಷ್ಟು ಹೆಸರುಗಳಲ್ಲಿ ಒಂದರಲ್ಲೂ ಅಮ್ಮನೋರಿಗೆ ಜಾಗವಿಲ್ಲ ಎನ್ನುವುದು ಮದುವೆಯಾಗಿ ಹದಿನಾರು ವರ್ಷ ನನಗೆ ಹೊಳೆದೇ ಇರಲಿಲ್ಲ. ಹೊಳೆದದ್ದು ಮದ್ದೂರಿನಿಂದ ಕೊಪ್ಪದ ಕಡೆ ಹೋಗುವ ರಸ್ತೆಯ ಒಂದು ಊರಿನಲ್ಲಿ. ಹೊಳೆದ ರೀತಿ ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ನಮ್ಮಲ್ಲಿ ನಾಲ್ಕೈದು ವರ್ಷಕ್ಕೊಮ್ಮೆ ವರ್ಗ. ಕಾಗದ ಬಂದ ತಿಂಗಳೊಳಗೆ ಗಂಟುಮೂಟೆ ಕಟ್ಟಬೇಕು. ಹಳೆಯ ಅಯ್ಯನೋರು ಬೀಗದ ಕೈಯನ್ನು ಕಮಿಟಿಯವರಿಗೆ ಕೊಟ್ಟು ಹೋಗುತ್ತಾರೆ, ಹೊಸಬರು ಬಂದು ಈಸಿಕೊಳ್ಳುತ್ತಾರೆ. ಎರಡು ಸಂಸಾರ ಮುಖಾಮುಖಿ ಆಗುವುದು ಅಪರೂಪ. ಹೊಸಬರು ಬರುವ ದಿನ ಸಭೆಯ ಹೆಂಗಸರು ಅದೇ ಮನೆಯಲ್ಲಿ ಒಲೆ ಹಚ್ಚಿ ಅಡುಗೆ ಮಾಡಿಟ್ಟಿರುತ್ತಾರೆ. ಹೊಸ ಅಮ್ಮನೋರು ಮೊದಲ ದಿನ ಒಲೆ ಮುಟ್ಟಬಾರದು, ಅದು ಪದ್ಧತಿ. ಆ ಹೆಂಗಸರು ಯಾರು, ಯಾರ ಮನೆಯವರು ಎಂದು ನಮಗೆ ತಿಳಿಯುವುದು ಮುಂದಿನ ಭಾನುವಾರ. ಆವತ್ತು ಮಾತ್ರ ಅವರು ಅಡುಗೆಮನೆಯಲ್ಲಿ ಓಡಾಡುವ ಕೈಗಳು. ಆ ಡಬ್ಬ ಅಲ್ಲಿಡಿ, ಈ ಮಂಚ ಇಲ್ಲಿಗೆ ಎಳೆಯಿರಿ ಎಂದು ನಾವು ಹೇಳುತ್ತಿರುತ್ತೇವೆ, ಅವರು ಮಾಡುತ್ತಿರುತ್ತಾರೆ. ಅಂಥ ಮೂರು ಮೊದಲ ಊಟಗಳನ್ನು ನಾನು ಅದುವರೆಗೆ ಉಂಡಿದ್ದೆ.

ಆ ಊರಿನ ಹಿಂದಿನ ಅಯ್ಯನೋರು ವರ್ಗವಾಗಿ ಹೋದವರಲ್ಲ, ತೀರಿಕೊಂಡವರು. ಬೆಳಿಗ್ಗೆ ಎದೆ ನೋವೆಂದು ಮಂಡ್ಯದ ಆಸ್ಪತ್ರೆಗೆ ಹೊರಟವರು ದಾರಿಯಲ್ಲೇ ಹೋಗಿಬಿಟ್ಟಿದ್ದರು. ನಮ್ಮ ಯಜಮಾನರು ಮಣ್ಣಿಗೆ ಹೋಗಿಬಂದಿದ್ದರು. ಆಗ ನನ್ನ ತಾಯಿ ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದರಿಂದ ನಾನು ಹೋಗಿರಲಿಲ್ಲ. ಆ ಸಂಸಾರ ಅಲ್ಲಿಯವರೆಗೆ ಮಳವಳ್ಳಿ ಕಡೆಯ ಸಭೆಗಳಲ್ಲೇ ಇದ್ದದ್ದು, ನಾವಿದ್ದದ್ದು ಹುಣಸೂರಿನ ಕಡೆ. ಹಾಗಾಗಿ ಆ ಅಮ್ಮನೋರ ಮುಖವನ್ನು ನಾನು ಕಂಡವಳೇ ಅಲ್ಲ. ನಾಲ್ಕು ತಿಂಗಳಾದ ಮೇಲೆ ನಮಗೆ ವರ್ಗದ ಕಾಗದ ಬಂತು. ಕಮಿಟಿಯ ಹಿರಿಯರು ಫೋನು ಮಾಡಿ ಮನೆ ರೆಡಿ ಇದೆ, ಬಂದುಬಿಡಿ ಎಂದರು. ಅಷ್ಟು ಹೇಳಿದ್ದರು. ಅಷ್ಟೇ ಹೇಳಿದ್ದರು.

ಸಾಮಾನಿನ ಲಾರಿಯಲ್ಲಿ ಯಜಮಾನರು ಕೂತರು. ಮಂಡ್ಯದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಲಾರಿ ಸಿಕ್ಕಿಕೊಂಡಿತು. ನಾನು ಬಸ್ಸಿನಲ್ಲಿ ಮುಂದೆ ಬಂದಿದ್ದೆ. ಮದ್ದೂರಿನಲ್ಲಿ ಇಳಿದು ಆಟೋ ಹತ್ತಿ ಹನ್ನೊಂದು ಗಂಟೆಗೆಲ್ಲ ಚರ್ಚಿನ ಗೇಟಿನ ಮುಂದಿದ್ದೆ. ಸಾಮಾನ್ಯವಾಗಿ ಅವತ್ತು ಗೇಟಿನಲ್ಲೇ ಹತ್ತು ಹೆಂಗಸರು ಇರುತ್ತಾರೆ, ಹಾರ ಇರುತ್ತದೆ, ಒಂದು ಕೀರ್ತನೆಯೂ ಇರುತ್ತದೆ. ಇಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಭತ್ತದ ಕೊಯ್ಲಿನ ಸಮಯ, ಗದ್ದೆಗೆ ಹೋಗಿರಬಹುದು ಎಂದುಕೊಂಡೆ. ಆದರೂ ಮೂಗಿನ ತುದಿಗೆ ಕೋಪ ಬಂದು ಕೂತಿತ್ತು. ಆ ಕೋಪ ಅಲ್ಲಿಗೆ ಬರದಿದ್ದರೆ ನನ್ನ ನಾಲಿಗೆ ಸ್ವಲ್ಪ ಹಿಡಿತದಲ್ಲಿ ಇರುತ್ತಿತ್ತೋ ಏನೋ.

ಬಾಗಿಲು ತೆರೆದಿತ್ತು. ಒಳಗಿನಿಂದ ಉಪ್ಸಾರಿನ ವಾಸನೆ ಬರುತ್ತಿತ್ತು. ಅಡುಗೆಮನೆಯಲ್ಲಿ ಒಬ್ಬರೇ ಹೆಂಗಸು. ಐವತ್ತರ ಹತ್ತಿರದ ವಯಸ್ಸು, ಸಣಕಲು ಮೈ, ಒಗೆದೊಗೆದು ಬಣ್ಣ ಹೋದ ಹಸಿರು ಸೀರೆ. ನಮ್ಮವರಲ್ಲಿ ಕುಂಕುಮ ಇಡುವುದಿಲ್ಲ. ಹಾಗಾಗಿ ಒಬ್ಬ ಹೆಂಗಸಿನ ಹಣೆ ನೋಡಿ ಅವಳಿಗೆ ಗಂಡ ಇದ್ದಾನೋ ಇಲ್ಲವೋ ಎಂದು ನಮಗೆ ತಿಳಿಯುವುದಿಲ್ಲ. ಅದು ಒಳ್ಳೆಯದೆಂದೇ ನಾನು ಯಾವಾಗಲೂ ಹೆಮ್ಮೆಪಟ್ಟಿದ್ದೇನೆ. ಆವತ್ತೊಂದು ದಿನ ಆ ಹೆಮ್ಮೆ ನನ್ನ ಕಾಲಿಗೇ ತೊಡರಿಕೊಂಡಿತು.

“ಬನ್ನಿ ಅಮ್ಮನೋರೆ,” ಎಂದರು ಆಕೆ. “ಬಿಸ್ಲಲ್ಲಿ ಬಂದಿದ್ದೀರಿ, ಒಸಿ ನೀರು ಕುಡೀರಿ.”

ನೀರು ಕುಡಿದೆ. ಉಳಿದವರೆಲ್ಲ ಎಲ್ಲಿ ಎಂದು ಕೇಳಿದೆ. ಬರುತ್ತಾರೆ ಎಂದರು. ನಾನು ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡಿ, “ನೋಡಮ್ಮ, ಸಾರಿಗೆ ಉಪ್ಪು ಕಮ್ಮಿ ಹಾಕು. ನಮ್ಮನೆಯವ್ರಿಗೆ ಬೀಪಿ,” ಎಂದೆ. ಮಂಡ್ಯ ಜಿಲ್ಲೆಯಲ್ಲಿ ಉಪ್ಸಾರಿಗೆ ಉಪ್ಪು ಕಮ್ಮಿ ಹಾಕು ಎಂದ ಮೊದಲ ಹೆಂಗಸು ನಾನೇ ಇರಬೇಕು. ನನಗಿಂತ ಹಿರಿಯರಿಗೆ ಏಕವಚನ ಬೇರೆ. ಆಕೆ ಕೈಯಲ್ಲಿದ್ದ ಉಪ್ಪನ್ನು ಒಂದು ಗಳಿಗೆ ಹಾಗೇ ಹಿಡಿದುಕೊಂಡು ನಿಂತರು. ಆಮೇಲೆ ಅದನ್ನು ಡಬ್ಬಕ್ಕೆ ವಾಪಸು ಸುರಿದು ಕೈ ಒರೆಸಿಕೊಂಡು, “ಆಗ್ಲಮ್ಮ,” ಎಂದರು.

ನಾನು ಮನೆ ನೋಡಲು ಹೊರಟೆ. ನಡುಮನೆ, ಒಂದು ರೂಮು, ಹಿಂದೆ ಒಂದು ಉಗ್ರಾಣ. ಎಲ್ಲ ಕಡೆ ಸಾಮಾನು. ಹೊಲಿಗೆ ಮಿಷನ್ನು, ಎರಡು ಟ್ರಂಕು, ರಾಗಿ ಮೂಟೆ, ಗೋಡೆಗೆ ಒರಗಿಸಿದ ಮಡಿಚುವ ಮಂಚ, ಪುಸ್ತಕದ ಕಟ್ಟುಗಳು. ನನಗೆ ರೇಗಿತು. ಇನ್ನೇನು ಲಾರಿ ಬರುತ್ತದೆ, ನಮ್ಮ ಸಾಮಾನು ಎಲ್ಲಿ ಇಳಿಸುವುದು? ಆಕೆಯನ್ನು ಕರೆದೆ. ಹಿಂದಿನವರು ಇಷ್ಟೆಲ್ಲ ಬಿಟ್ಟು ಹೋಗಿದ್ದಾರಲ್ಲ, ಯಾವಾಗ ತೆಗೆದುಕೊಂಡು ಹೋಗುತ್ತಾರಂತೆ ಎಂದು ಕೇಳಿದೆ. ಆಕೆ ಸೆರಗಿನಿಂದ ಟ್ರಂಕಿನ ಮೇಲಿನ ಧೂಳು ಒರೆಸಿದರು. ಗೊತ್ತಿಲ್ಲವೇನೋ ಎಂದುಕೊಂಡು ನಾನೇ ಮುಂದುವರಿಸಿದೆ.

“ಅವ್ರ ಯಜಮಾನ್ರು ಹೋಗಿದ್ದು ಗೊತ್ತು, ಪಾಪ. ಆದ್ರೂ ಮನೆ ಬಿಡೋವಾಗ ತಮ್ಮ ಸಾಮಾನು ತಾವು ತಗೊಂಡು ಹೋಗಬೇಕಿತ್ತು, ಅಲ್ವೇನಮ್ಮ?”

“ಬೇಕಿತ್ತು ಕಣಮ್ಮ,” ಎಂದರು.

ಸರಿ, ಇದನ್ನೆಲ್ಲ ಸದ್ಯಕ್ಕೆ ಜಗುಲಿಗೆ ಹಾಕೋಣ, ಒಂದು ಕೈ ಹಿಡಿ ಎಂದೆ. ಹಿಡಿದರು. ಇಬ್ಬರೂ ಸೇರಿ ಹೊಲಿಗೆ ಮಿಷನ್ನು ಎತ್ತಿದೆವು, ಟ್ರಂಕು ಎಳೆದೆವು. ಆಕೆಗೆ ಯಾವ ಟ್ರಂಕಿನ ಹಿಡಿ ಸಡಿಲವಾಗಿದೆ, ಯಾವುದನ್ನು ತಳದಲ್ಲಿ ಹಿಡಿಯಬೇಕು ಎನ್ನುವುದೆಲ್ಲ ಗೊತ್ತಿತ್ತು. ಅದೂ ನನ್ನ ತಲೆಗೆ ಹೋಗಲಿಲ್ಲ. ನೇರಳೆ ಬಣ್ಣದ ಮೇಲೆ ಹಳದಿ ಹೂವಿನ ಪರದೆಗಳನ್ನು ನೋಡಿ, ಎಂಥ ಬಣ್ಣ ಹುಡುಕಿದಾರಪ್ಪ ಆಯಮ್ಮ, ಕಣ್ಣಿಗೆ ಹೊಡೆಯುತ್ತೆ ಎಂದೆ. ಆಗ ಅದೇ ಸಿಕ್ಕಿತ್ತೇನೋ ಎಂದರು ಆಕೆ, ಪರದೆಯ ಅಂಚನ್ನು ಕೈಯಲ್ಲಿ ಹಿಡಿದುಕೊಂಡು.

ರೂಮಿನ ಗೋಡೆಯ ಮೇಲೆ ಒಂದು ಫೋಟೋ ಇತ್ತು. ಆ ರೂಮಿಗೆ ನನಗಿಂತ ಮುಂಚೆ ಆಕೆ ಹೋಗಿ ಅದನ್ನು ಇಳಿಸಿಕೊಂಡು ಬಂದರು. ಫೋಟೋದ ಮುಖವನ್ನು ಎದೆಗೆ ಒತ್ತಿಕೊಂಡಿದ್ದರು, ಹಿಂದಿನ ರಟ್ಟು ನನ್ನ ಕಡೆಗಿತ್ತು. ಗಾಜು ಒಡೆದೀತು, ಹುಷಾರು ಎಂದೆ. “ಆಗ್ಲಮ್ಮ,” ಎಂದು ಹಾಗೇ ನಡೆದು ಹೋಗಿ ಜಗುಲಿಯಲ್ಲಿ ಟ್ರಂಕಿನ ಹಿಂದೆ, ಗೋಡೆಗೆ ಮುಖಮಾಡಿ ನಿಲ್ಲಿಸಿದರು.

ಎರಡೂವರೆಗೆ ಲಾರಿ ಬಂತು. ಆಕೆ ಕೊನೆಯ ಪುಸ್ತಕದ ಕಟ್ಟನ್ನು ಹೊತ್ತುಕೊಂಡು ಜಗುಲಿಗೆ ಬರುತ್ತಿದ್ದರು, ನಾನು ಹಿಂದೆ ಪೊರಕೆ ಹಿಡಿದು ಬರುತ್ತಿದ್ದೆ. ಯಜಮಾನರು ಲಾರಿಯಿಂದ ಇಳಿದವರು ಗೇಟಿನಲ್ಲೇ ನಿಂತುಬಿಟ್ಟರು. ಎರಡೂ ಕೈ ಜೋಡಿಸಿದರು.

“ಅಮ್ಮನೋರೆ,” ಎಂದರು.

ಏನ್ರಿ ಎಂದೆ ನಾನು. ಅಂದ ಮೇಲೆ ಹೊಳೆಯಿತು, ನನ್ನ ಗಂಡ ನನ್ನನ್ನು ಎಂದೂ ಹಾಗೆ ಕರೆದವರಲ್ಲ. ಅವರು ನನ್ನ ಕಡೆ ನೋಡುತ್ತಲೂ ಇರಲಿಲ್ಲ. ಆಕೆಯ ಕಡೆ ನೋಡುತ್ತಿದ್ದರು. ಆಕೆ ಪುಸ್ತಕದ ಕಟ್ಟನ್ನು ಕೆಳಗಿಟ್ಟು ಸೆರಗು ಹೊದ್ದುಕೊಂಡು, “ಬನ್ನಿ ಅಯ್ಯನೋರೆ,” ಎಂದರು. ಯಜಮಾನರು ಜಗುಲಿಯ ತುಂಬ ಹರಡಿದ್ದ ಸಾಮಾನು ನೋಡಿದರು, ಆಕೆಯ ಬೆವತ ಮುಖ ನೋಡಿದರು, ಕೊನೆಗೆ ನನ್ನ ಕೈಯಲ್ಲಿದ್ದ ಪೊರಕೆ ನೋಡಿದರು.

ಆಗ ನನಗಾದದ್ದನ್ನು ಹೇಗೆ ಹೇಳಲಿ. ಬೆಳಿಗ್ಗೆಯಿಂದ ನಾನು ಆಡಿದ ಮಾತುಗಳೆಲ್ಲ ಒಂದರ ಹಿಂದೆ ಒಂದು ಕಿವಿಗೆ ವಾಪಸು ಬಂದವು. ಉಪ್ಪು, ಸಾಮಾನು, ಪರದೆ, ಗಾಜು. ಅವರ ಗಂಡನ ಫೋಟೋವನ್ನು ಅವರ ಕೈಯಲ್ಲೇ ಆಚೆಗೆ ಇಡಿಸಿದ್ದೆ. ಅದು ಯಾರೆಂದು ನಾನು ನೋಡಿ ನಾಚದಿರಲಿ ಎಂದು ಅವರು ಅದರ ಮುಖವನ್ನು ಮುಚ್ಚಿಕೊಂಡು ಹೊತ್ತಿದ್ದರು. ನೆಲ ಬಾಯಿಬಿಟ್ಟು ನುಂಗಬಾರದೇ ಎಂಬ ಮಾತನ್ನು ನಾನು ಸುಮ್ಮನೆ ಬಾಯಿಮಾತಿಗೆ ಎಷ್ಟೋ ಸಲ ಆಡಿದ್ದೆ. ಆವತ್ತು ನಿಜವಾಗಿ ನೆಲ ನೋಡಿದೆ. ಅದು ನಾವಿಬ್ಬರೂ ಆಗತಾನೇ ಗುಡಿಸಿದ್ದ ನೆಲ.

ಅವರೇ ಊಟಕ್ಕೆ ಎಬ್ಬಿಸಿದರು. ಲಾರಿಯವರು ಕಾಯುತ್ತಿದ್ದಾರೆ, ಮುದ್ದೆ ಆರಿಹೋಗುತ್ತದೆ ಎಂದು ತಟ್ಟೆ ಹಾಕಿದರು. ಯಜಮಾನರು ಊಟದ ಪ್ರಾರ್ಥನೆಗೆ ಕಣ್ಣು ಮುಚ್ಚಿದರು. ಯಾವ ಸಾವಿನ ಮನೆಯಲ್ಲೂ ಮಾತಿಗೆ ತಡವರಿಸದ ಮನುಷ್ಯ, “ಕರ್ತನೇ” ಎಂದವರು ಮುಂದಿನ ಮಾತು ಬಿಟ್ಟು “ಆಮೆನ್” ಎಂದುಬಿಟ್ಟರು. ಸಾರಿಗೆ ಉಪ್ಪು ನಿಜವಾಗಿಯೂ ಕಮ್ಮಿ ಇತ್ತು. ನಾನು ಹೇಳಿದಷ್ಟೇ ಕಮ್ಮಿ.

ಅವರ ಕ್ಷಮೆ ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಕಮಿಟಿಯ ಹಿರಿಯರು ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು ಸ್ಕೂಟರಿನಲ್ಲಿ ಬಂದರು. ಅರವತ್ತು ದಾಟಿದವರು, ಗದ್ದೆ ತೋಟ ಇರುವವರು, ಸಭೆಯಲ್ಲಿ ಅವರ ಮಾತಿಗೆ ತೂಕ. ಬಂದವರೇ ಜಗುಲಿ ನೋಡಿದರು. ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು.

“ನಾವು ಮೂರ್ ತಿಂಗ್ಳಿಂದ ಬಾಯಿ ಬುಡಕ್ಕಾಗ್ದೆ ಕುಂತಿದ್ದೋ. ನೀವು ಬಂದ್ ಮೂರ್ ಗಂಟೇಲಿ ಮುಗುಸ್ಬುಟ್ರಿ. ಒಳ್ಳೆ ಕೆಲ್ಸ ಮಾಡುದ್ರಿ ಬುಡಿ ಅಮ್ಮನೋರೆ.”

ಆಗ ಅರ್ಥವಾಯಿತು, ಗೇಟಿನಲ್ಲಿ ಹೆಂಗಸರು ಯಾಕಿರಲಿಲ್ಲ ಎಂದು. ಕೊಯ್ಲೂ ಅಲ್ಲ, ಮಣ್ಣೂ ಅಲ್ಲ. ಆ ಮನೆ ಬಿಡಿ ಎಂದು ಆಕೆಗೆ ಹೇಳುವ ಬಾಯಿ ಸಭೆಯಲ್ಲಿ ಒಬ್ಬರಿಗೂ ಇರಲಿಲ್ಲ. ಹೊಸ ಅಯ್ಯನೋರು ಬರೋ ತನಕ ಇರಿ ಎಂದು ಹೇಳಿಟ್ಟು ಎಲ್ಲರೂ ಕೈತೊಳೆದುಕೊಂಡಿದ್ದರು. ಹೊಸ ಅಮ್ಮನೋರು ಬರುತ್ತಾರೆ, ಅವರೇ ನೋಡಿಕೊಳ್ಳುತ್ತಾರೆ ಎಂಬುದು ಅವರ ಲೆಕ್ಕ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹಾವನ್ನೂ ಕೋಲನ್ನೂ ಒಂದೇ ಮನೆಯಲ್ಲಿ ಬಿಟ್ಟು ಅವರು ದೂರ ಉಳಿದಿದ್ದರು. ಆ ಹೊಗಳಿಕೆ ಕೇಳಿ ನನ್ನ ಮೈ ಉರಿದುಹೋಯಿತು. ಯಾರೂ ಆಡಲಾರದ ಮಾತನ್ನು ಆಡಿದವಳು ನಾನಾಗಿದ್ದೆ, ಅದೂ ಗೊತ್ತಿಲ್ಲದೆ, ಅದೂ ಪರದೆಯ ಬಣ್ಣದ ಜೊತೆ.

“ಯಜಮಾನ್ರೆ,” ಎಂದೆ ಆ ಹಿರಿಯರಿಗೆ, “ಬಾಳೆಹಣ್ಣು ಅಲ್ಲಿಟ್ಟು ಈ ಮಂಚದ ಆ ತುದಿ ಹಿಡೀರಿ. ಒಳಗೆ ಹಾಕೋಣ.”

ಅವರು ಕಣ್ಣು ಕಣ್ಣು ಬಿಟ್ಟರು. ಹಿಡಿದರು. ಮಂಚ ಉಗ್ರಾಣಕ್ಕೆ ಹೋಯಿತು, ಟ್ರಂಕು ಹೋಯಿತು, ಹೊಲಿಗೆ ಮಿಷನ್ನು ಹೋಯಿತು. ರೂಮು ಅಮ್ಮನೋರಿಗೇ ಇರಲಿ, ಉಗ್ರಾಣದಲ್ಲಿ ನಾವು ಇರುತ್ತೇವೆ ಎಂದು ನಾನು ಹಟ ಹಿಡಿದೆ. ಅವರು ನಗಲಿಲ್ಲ, ಅಳಲೂ ಇಲ್ಲ. ಅಯ್ಯನೋರ ಮನೆ, ಅಯ್ಯನೋರು ರೂಮಲ್ಲಿ ಇರಬೇಕು ಎಂದು ತಮ್ಮ ಹಾಸಿಗೆಯನ್ನು ತಾವೇ ಉಗ್ರಾಣದಲ್ಲಿ ಬಿಡಿಸಿಕೊಂಡರು. ಫೋಟೋ ಮಾತ್ರ ನಾನೇ ಒಳಗೆ ತಂದೆ. ಮುಖ ನೋಡುವ ಧೈರ್ಯವಾಗದೆ ನಾನೂ ಅದನ್ನು ಎದೆಗೆ ಒತ್ತಿಕೊಂಡೇ ತಂದೆ.

ಸಂಜೆ ಹಿತ್ತಲ ಒಗೆಯುವ ಕಲ್ಲಿನ ಹತ್ತಿರ ಅವರು ಪಾತ್ರೆ ತಿಕ್ಕುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ತಪ್ಪು ನನ್ನದು, ಆದರೂ ದನಿಯಲ್ಲಿ ಅವರ ಮೇಲೆಯೇ ಕೋಪವಿತ್ತು. ನನ್ನ ಸ್ವಭಾವವೇ ಹಾಗೆ.

“ನೀವು ಮೊದ್ಲು ಏಳ್ದಾಗ, ಗೊತ್ತಿದ್ದೇ ಏಳ್ತಾವ್ರೆ ಅನ್ಕೊಂಡೆ,” ಎಂದರು. “ಆಮೇಕೆ ಗೊತ್ತಿಲ್ಲ ಅಂತ ತಿಳೀತು. ಅಷ್ಟೊತ್ಗೆ ಅರ್ಧ ಸಾಮಾನು ಆಚೆ ಬಂದಿತ್ತು. ಈಗ ಏಳುದ್ರೆ ನಿಮ್ಗೆ ನಾಚ್ಕೆ ಆಯ್ತದಲ್ಲ ಅಂತ ಸುಮ್ಗಾದೆ.”

ಸ್ವಲ್ಪ ಹೊತ್ತು ತಿಕ್ಕಿ ಆಮೇಲೆ ಇನ್ನೊಂದು ವಿಷಯ ಹೇಳಿದರು. ವಯಸ್ಸಿನಲ್ಲಿದ್ದಾಗ ಮಳವಳ್ಳಿ ಕಡೆಯ ಒಂದು ಅಯ್ಯನೋರ ಮನೆಗೆ ಹೋದ ಮೊದಲ ದಿನ, ಅಟ್ಟದ ಮೇಲೆ ಹಿಂದಿನವರು ಬಿಟ್ಟುಹೋದ ಒಂದು ಮರದ ತೊಟ್ಟಿಲು ಇತ್ತಂತೆ. ಹುಳ ಹಿಡಿದಿದೆ ಎಂದು ಒಡೆಸಿ ನೀರೊಲೆಗೆ ಹಾಕಿಸಿದರಂತೆ. ಆ ಮನೆಯಲ್ಲಿ ಹಿಂದಿನ ಅಮ್ಮನೋರ ಕೂಸು ತೀರಿಹೋಗಿತ್ತು, ತೊಟ್ಟಿಲು ಒಯ್ಯಲು ಅವರು ಇನ್ನೊಂದು ಸಲ ಬರುವವರಿದ್ದರು ಎಂದು ತಿಳಿದದ್ದು ಆಮೇಲೆ. ಅವರು ಬಂದರೇ ಎಂದು ನಾನು ಕೇಳಿದೆ. ಬಂದರು ಎಂದರು. ತಿಕ್ಕಿದ ಪಾತ್ರೆಯನ್ನೇ ಮತ್ತೆ ತಿಕ್ಕತೊಡಗಿದರು. ನಾನು ಖಾಲಿ ಮನೆಗಳೆಂದು ಹೊಕ್ಕ ಮೂರು ಮನೆಗಳು ಕಣ್ಣಮುಂದೆ ಬಂದವು. ಅಲ್ಲೆಲ್ಲ ನಾನು ಏನೇನು ಎಸೆಸಿದ್ದೆ ಎಂದು ಒಂದೊಂದಾಗಿ ನೆನೆಯತೊಡಗಿದೆ.

ಅವರಿಗೆ ಒಬ್ಬಳೇ ಮಗಳು. ಮಂಡ್ಯದಲ್ಲಿ ಹಾಸ್ಟೆಲಿನಲ್ಲಿದ್ದು ನರ್ಸಿಂಗು ಓದುತ್ತಿದ್ದಳು, ಕೊನೆಯ ವರ್ಷ. ಪರೀಕ್ಷೆಗೆ ಎರಡು ತಿಂಗಳಿತ್ತು. ಮಗಳು ಓದು ಮುಗಿಸಿ ಕೆಲಸಕ್ಕೆ ಸೇರಿಬಿಟ್ಟರೆ ಎಲ್ಲಾದರೂ ಒಂದು ರೂಮು ಹಿಡಿಯಬಹುದು. ಅಲ್ಲಿಯವರೆಗೆ ತಲೆಯ ಮೇಲೊಂದು ಸೂರು ಬೇಕು, ಅವರಿಗೆ ಬೇಕಾಗಿದ್ದದ್ದು ಅಷ್ಟೇ. ಈ ನಡುವೆ ತಾಯಿಗೆ ಜಾಗವಿಲ್ಲವೆಂದು ಗೊತ್ತಾದರೆ ಹುಡುಗಿ ಓದು ಬಿಟ್ಟು ಬರುತ್ತಾಳೆಂಬ ಭಯ. ತಮ್ಮನ ಮನೆ ಬಂಡೂರಿನ ಪಕ್ಕದ ಹಳ್ಳಿಯಲ್ಲಿತ್ತು. ಅಲ್ಲಿಗೆ ಹೋಗಬಹುದಲ್ಲ ಎಂದೆ.

“ಅಲ್ಲಿ ಕುರಿಗಳ್ಗೇ ಜಾಗ ಸಾಲ್ದು. ಬಂಡೂರು ಕುರಿಗೆ ಬೆಲೆ ಐತೆ ಕಣಮ್ಮ, ನನ್ಗೇನೈತೆ,” ಎಂದು ಮೊದಲ ಸಲ ನಕ್ಕರು.

ನಾಲ್ಕು ತಿಂಗಳು ಅವರು ನಮ್ಮ ಜೊತೆ ಇದ್ದರು. ಹಾಗೆ ಬರೆಯುವಾಗಲೇ ತಪ್ಪಾಯಿತು ನೋಡಿ, ನಾವು ಅವರ ಜೊತೆ ಇದ್ದೆವು. ಕಮಿಟಿಯಲ್ಲಿ ಗುಸುಗುಸು ಆಯಿತು. ಒಂದು ಪಾರ್ಸನೇಜಿನಲ್ಲಿ ಎರಡು ಸಂಸಾರ ಇರುವ ಹಾಗಿಲ್ಲವಂತೆ, ಮೇಲಿನವರಿಗೆ ಬರೆದು ಕೇಳಬೇಕಂತೆ. ಬರೆಯಿರಿ ಎಂದರು ನಮ್ಮ ಯಜಮಾನರು. ಬರೆದರು. ಆಫೀಸಿನ ಉತ್ತರ ಬರುವಷ್ಟರಲ್ಲಿ ಹುಡುಗಿಯ ಪರೀಕ್ಷೆಯೇ ಮುಗಿದಿತ್ತು. ಆಫೀಸಿನ ನಿಧಾನಕ್ಕೆ ನಾನು ಜೀವನದಲ್ಲಿ ಒಂದೇ ಸಲ ಕೈಮುಗಿದಿದ್ದೇನೆ, ಅದು ಆವಾಗ.

ಮೊದಮೊದಲು ಯಾರಾದರೂ ಗೇಟಿನಲ್ಲಿ ನಿಂತು “ಅಮ್ಮನೋರೆ” ಎಂದು ಕೂಗಿದರೆ ನಾವಿಬ್ಬರೂ ತಿರುಗುತ್ತಿದ್ದೆವು. ಮೂರನೆಯ ವಾರ ಒಂದು ಬೆಳಿಗ್ಗೆ ಹಾಲಿನವಳು ಕೂಗಿದಳು, ನಾನೊಬ್ಬಳೇ ತಿರುಗಿದೆ. ಅವರು ಬೀನ್ಸು ಮುರಿಯುತ್ತಾ ಕೂತಿದ್ದರು, ಕತ್ತು ಎತ್ತಲೇ ಇಲ್ಲ. ಕಿವಿ ಕೇಳಿಸದೆ ಅಲ್ಲ. ನಾನೇ ಎದ್ದು ಹೋಗಿ ಹಾಲು ಹಾಕಿಸಿಕೊಂಡೆ.

ಕ್ಷಮೆಯ ಮಾತನ್ನು ಮೂರು ಸಲ ತೆಗೆದೆ. ಒಂದು ಸಲ ಅಕ್ಕಿಗೆ ಹುಳ ಬಿದ್ದಿದೆ ಎಂದರು, ಒಂದು ಸಲ ಮೋಟರು ಹಾಕಬೇಕು, ಕರೆಂಟು ಹೋದೀತು ಎಂದು ಎದ್ದು ಹೋದರು. ಮೂರನೆಯ ಸಲ ನನ್ನ ಕೈ ಹಿಡಿದು ಓಗ್ಲಿ ಬುಡಿ ಎಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವರು ಮರೆತಿದ್ದಾರೆ ಎಂದು ನಂಬಿಕೊಳ್ಳುವುದೇ ನನಗೂ ಸುಲಭವಾಗಿತ್ತು. ಪರದೆಗಳನ್ನು ಮಾತ್ರ ನಾನು ಬದಲಿಸಲಿಲ್ಲ. ಕಣ್ಣಿಗೆ ಹೊಡೆಯುತ್ತವೆ, ನಿಜ. ಹೊಡೆಯಲಿ ಎಂದು ಬಿಟ್ಟೆ.

ಒಂದು ದಿನ ಮಧ್ಯಾಹ್ನ ಯಜಮಾನರು ಬೀಪಿ ಮಾತ್ರೆ ಬಾಯಿಗೆ ಹಾಕಿಕೊಳ್ಳುವಾಗ ಕೇಳಿಯೇ ಬಿಟ್ಟೆ. ನಿಮಗೇನಾದರೂ ಆದರೆ ನಾನು ಯಾವ ಮನೆಗೆ ಹೋಗಲಿ ಎಂದೆ. ಅವರ ತಂದೆಯ ಮನೆ ಅವರ ಅಣ್ಣಂದಿರಿಗೆ ಹೋಗಿತ್ತು, ನನ್ನ ತಾಯಿ ಇದ್ದದ್ದು ನನ್ನ ತಂಗಿಯ ಮನೆಯಲ್ಲಿ. ಇದೆಲ್ಲ ಅವರಿಗೆ ಗೊತ್ತಿತ್ತು. ದೇವರು ನಡೆಸುತ್ತಾನೆ ಎನ್ನುತ್ತಾರೆ ಎಂದುಕೊಂಡಿದ್ದೆ, ಅನ್ನಲು ಬಾಯಿಯನ್ನೂ ತೆರೆದರು. ಉಗ್ರಾಣದಲ್ಲಿ ಹೊಲಿಗೆ ಮಿಷನ್ನಿನ ಸದ್ದಾಗುತ್ತಿತ್ತು. ಬಾಯಿ ಮುಚ್ಚಿಕೊಂಡು ನೀರು ಕುಡಿದು, ಟವೆಲು ಹೆಗಲಿಗೆ ಹಾಕಿಕೊಂಡು ಗಿಡಗಳಿಗೆ ನೀರು ಬಿಡಲು ಹೊರಟರು. ಉರಿಬಿಸಿಲಿನಲ್ಲಿ ಯಾರೂ ಗಿಡಕ್ಕೆ ನೀರು ಬಿಡುವುದಿಲ್ಲ.

ಹುಡುಗಿ ಪಾಸಾದಳು. ಮಂಡ್ಯದ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಆಸ್ಪತ್ರೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಒಂದು ಮಹಡಿ ಮನೆ ಬಾಡಿಗೆಗೆ ಹುಡುಕಿದಳು.

ಕೆಳಗೆ ಸ್ಕೂಟರು ರಿಪೇರಿ ಅಂಗಡಿ, ಅದರ ಹಿಂದೆ ಅಂಗಡಿಯ ಸಾಬರ ಸಂಸಾರ, ಮೇಲೆ ಇವರ ಒಂದು ರೂಮು ಮತ್ತು ಅಡುಗೆಮನೆ. ಬಾಡಿಗೆ ಕರಾರಿನ ಕಾಗದವನ್ನು ತಾಯಿಯ ಹೆಸರಿನಲ್ಲೇ ಮಾಡಿಸಿದ್ದಳು. ಅಮ್ಮನೋರು ಅದನ್ನು ನನಗೆ ತೋರಿಸಿದರು. ಮೂವತ್ತು ವರ್ಷ ಆರು ಮನೆಗಳಲ್ಲಿ ಇದ್ದವರು, ಅವರ ಹೆಸರು ಬರೆದ ಮನೆಯ ಕಾಗದ ಅದೇ ಮೊದಲನೆಯದು. ಅವರ ಹೆಸರನ್ನು ನಾನು ಓದಿದ್ದೂ ಅದೇ ಮೊದಲು. ಅಷ್ಟು ದಿನ ಒಂದೇ ಸೂರಿನ ಕೆಳಗಿದ್ದು ನಾನು ಅದನ್ನು ಕೇಳಿಯೇ ಇರಲಿಲ್ಲ.

ಅವರು ಹೊರಡುವ ಶನಿವಾರ ನಾನು ಯಾರಿಗೂ ಹೇಳದೆ ಬೆಳಿಗ್ಗೆ ಆರೂವರೆಯ ಬಸ್ಸು ಹತ್ತಿದೆ. ಕೈಯಲ್ಲಿ ರಾಗಿಹಿಟ್ಟು, ಹೆಸರುಕಾಳು, ದಂಟಿನ ಸೊಪ್ಪು, ಎರಡು ಪಾತ್ರೆ, ಒಂದು ಸಣ್ಣ ಗ್ಯಾಸ್ ಸ್ಟೌವು. ಅಂಗಡಿಯ ಸಾಬರು ನನ್ನನ್ನೂ ನನ್ನ ಚೀಲವನ್ನೂ ನೋಡಿ ಬೀಗದ ಕೈ ಕೊಡಲು ಅನುಮಾನಿಸಿದರು. ನೀವೇನು ಅವರ ಕಡೆಯ ಕೆಲಸದವರೋ ಎಂದು ಕೇಳಿದರು. ಹೌದು ಎಂದೆ. ಅವರ ಹೆಂಡತಿ ಒಳಗಿನಿಂದ ಒಂದು ಕೊಡ ನೀರು ತಂದುಕೊಟ್ಟು, ಮೇಲೆ ನಲ್ಲಿ ಒಂಬತ್ತು ಗಂಟೆಗೆ ನಿಂತುಹೋಗುತ್ತದೆ ಎಂದರು.

ನೆಲ ಒರೆಸಿದೆ. ಸೊಪ್ಪು ಬೇಯಿಸಿ ಬಸಿದೆ, ಖಾರ ಅರೆದು ತಂದಿದ್ದೆ. ಹತ್ತೂವರೆಗೆ ಕೆಳಗೆ ಲಗೇಜ್ ಆಟೋ ನಿಂತ ಸದ್ದಾಯಿತು. ಹುಡುಗಿ ಸಾಮಾನು ಇಳಿಸುವವರ ಜೊತೆ ಮಾತಾಡುತ್ತಿದ್ದಳು. ಮೆಟ್ಟಿಲು ಹತ್ತಿ ಬಂದವರು ಅಮ್ಮನೋರು ಒಬ್ಬರೇ. ಕೈಯಲ್ಲಿ ಫೋಟೋ ಇತ್ತು, ಮುಖ ಹೊರಗಡೆಗೆ. ಅಯ್ಯನೋರನ್ನು ನಾನು ಸರಿಯಾಗಿ ನೋಡಿದ್ದು ಆವಾಗ. ದುಂಡು ಮುಖ, ಸ್ವಲ್ಪ ಓರೆ ಮೂಗು, ಫೋಟೋ ತೆಗೆಯುವವನಿಗೆ ಬೇಗ ಮುಗಿಸು ಎನ್ನುತ್ತಿರುವ ಹಾಗಿನ ನಗು.

ಬಾಗಿಲಲ್ಲೇ ನಿಂತು ಅವರು ಒಲೆ ನೋಡಿದರು, ಒರೆಸಿದ ನೆಲ ನೋಡಿದರು, ನನ್ನ ಕೈಯಲ್ಲಿದ್ದ ಉಪ್ಪನ್ನು ನೋಡಿದರು. ಅಳುತ್ತಾರೆ ಎಂದುಕೊಂಡೆ. ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಬಂದರು, ನೇರವಾಗಿ ಒಲೆಯ ಹತ್ತಿರ ಹೋಗಿ ಪಾತ್ರೆಯ ಮುಚ್ಚಳ ತೆಗೆದು ಬಗ್ಗಿ ನೋಡಿದರು.

“ನೋಡಮ್ಮ, ಸಾರಿಗೆ ಉಪ್ಪು ಕಮ್ಮಿ ಹಾಕು,” ಎಂದರು. “ನಮ್ಮನೆಯವ್ರಿಗೆ ಬೀಪಿ.”

ನನ್ನ ಮಾತು. ನನ್ನದೇ ರಾಗ, ನನ್ನದೇ ಏಕವಚನ. ಒಂದಕ್ಷರವನ್ನೂ ಅವರು ಮರೆತಿರಲಿಲ್ಲ. ಫೋಟೋವನ್ನು ಒಲೆಯ ಪಕ್ಕದ ಗೋಡೆಗೆ ಒರಗಿಸಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತು, ಉತ್ತರಕ್ಕೆ ಕಾಯುತ್ತಿದ್ದರು.

ನಾನು ಕೈಯಲ್ಲಿದ್ದ ಉಪ್ಪನ್ನು ಡಬ್ಬಕ್ಕೆ ವಾಪಸು ಸುರಿದೆ. ಆಗ್ಲಮ್ಮ ಎಂದೆ.